ಇಲಿಯ ನಾಲಗೆ, ಇಲಿಯ ಹೊಟ್ಟೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯಿದೆ. ಉಡುವುದು ಬೇರೆಯವರ ಕಣ್ಣಿಗೆ ಒಪ್ಪುವಂತಿರಬೇಕು, ಉಣ್ಣುವುದು ಮಾತ್ರ ಅವರವರ ಇಷ್ಟ. ಆದರೆ ಈ ಇಷ್ಟ ಹುಟ್ಟುವುದು ಎಲ್ಲಿ? ನಾಲಗೆಯಲ್ಲೋ, ಹೊಟ್ಟೆಯಲ್ಲೋ, ಅಪ್ಪ ಅಮ್ಮನಿಂದ ಬಂದ ಬಳುವಳಿಯಲ್ಲೋ?

ಮನುಷ್ಯರಲ್ಲಿ ಇದನ್ನು ಪತ್ತೆ ಮಾಡುವುದು ಕಷ್ಟ. ಮನೆಯ ಅಡುಗೆ, ಹಬ್ಬದೂಟ, ಜಾಹೀರಾತು ಎಲ್ಲವೂ ಸೇರಿ ನಾಲಗೆಯನ್ನು ಪಳಗಿಸಿರುತ್ತವೆ. ಪ್ರಯೋಗಾಲಯದ ಇಲಿಗೆ ಆ ರಗಳೆಯಿಲ್ಲ. ಕನಿಷ್ಠ 20 ತಲೆಮಾರುಗಳವರೆಗೆ ಒಡಹುಟ್ಟಿದವನ್ನೇ ಜೋಡಿ ಮಾಡಿ ಬೆಳೆಸಿದ ತಳಿಯಲ್ಲಿ ಒಂದು ಇಲಿ ಇನ್ನೊಂದರ ಪಡಿಯಚ್ಚು. ಎಲ್ಲಕ್ಕೂ ಒಂದೇ ಬಗೆಯ ಗೂಡು, ಒಂದೇ ಮೇವು. ಹೀಗಿದ್ದೂ ಎರಡು ತಳಿಗಳ ರುಚಿ ಬೇರೆಯಾದರೆ ಅದಕ್ಕೆ ವಂಶವಾಹಿಗಳೇ ಹೊಣೆ ಎನ್ನಬಹುದು.

ಪರೀಕ್ಷೆ ಸರಳ. ಗೂಡಿಗೆ ಎರಡು ಬಾಟಲಿ ತೂಗುಹಾಕುತ್ತಾರೆ. ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಸ್ಯಾಕರಿನ್ ಬೆರೆಸಿದ ನೀರು. ಇಲಿ ಒಂದೇ ಬದಿಗೆ ಒಗ್ಗಿಹೋಗದಂತೆ ನಡುವೆ ಬಾಟಲಿಗಳ ಜಾಗ ಬದಲಿಸುತ್ತಾರೆ. ‘ಸಿ57 ಬ್ಲ್ಯಾಕ್ 6’ ಎಂಬ ಕರಿ ತಳಿಯ ಇಲಿಗಳು ಸಿಹಿನೀರಿಗೆ ಮುಗಿಬೀಳುತ್ತವೆ. ‘ಡಿಬಿಎ’ ತಳಿಯವಕ್ಕೆ ಅದರ ಮೇಲೆ ಅಷ್ಟೇನೂ ಒಲವಿಲ್ಲ. ಈ ವ್ಯತ್ಯಾಸದ ಹಿಂದೆ ಮುಖ್ಯವಾಗಿ ಒಂದೇ ವಂಶವಾಹಿ ಇದೆಯೆಂದು 1974ರಲ್ಲಿ ಜಾನ್ ಫುಲ್ಲರ್ ಹೇಳಿದರು. ಅದು ಕೈಗೆ ಸಿಕ್ಕಿದ್ದು 2001ರಲ್ಲಿ, ನಾಲ್ಕನೆಯ ಕ್ರೋಮೋಸೋಮಿನ ತುದಿಯಲ್ಲಿ. ರುಚಿಮೊಗ್ಗುಗಳಲ್ಲಿ ಸಿಹಿಯನ್ನು ಗುರುತಿಸುವ ‘ಟಿ1ಆರ್3’ ಎಂಬ ಪ್ರೋಟೀನಿನ ವಂಶವಾಹಿ ಅದು. ಡಿಬಿಎ ಇಲಿಗಳಲ್ಲಿ ಆ ಪ್ರೋಟೀನು ಕೊಂಚ ಮೊಂಡು. ತೆಳು ಸಿಹಿ ಅವಕ್ಕೆ ಸರಿಯಾಗಿ ತಿಳಿಯುವುದೇ ಇಲ್ಲ.

ಹಾಗಾದರೆ ಎಲ್ಲವೂ ನಾಲಗೆಯ ಹಣೆಬರಹವೆ? ಅಲ್ಲ ಎಂದಿತು, 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಸಿಹಿಯ ರುಚಿಯೇ ಗೊತ್ತಾಗದ ಇಲಿಗಳನ್ನು ಆರಿಸಿಕೊಂಡರು. ಒಂದು ಬದಿಯಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಬರಿ ನೀರು ಕೊಟ್ಟು ರೂಢಿ ಮಾಡಿಸಿದರು. ಆಮೇಲೆ ಎರಡೂ ಕಡೆ ಬರಿ ನೀರನ್ನೇ ಇಟ್ಟರೂ ಇಲಿಗಳು ಮೊದಲು ಸಕ್ಕರೆ ಸಿಕ್ಕಿದ್ದ ಬದಿಗೇ ಹೆಚ್ಚು ಹೋದವು. ಸಕ್ಕರೆಯ ಬದಲು ಸಿಹಿಯುಂಟು, ಕ್ಯಾಲೊರಿಯಿಲ್ಲ ಎನ್ನುವಂಥ ಸುಕ್ರಲೋಸ್ ಕೊಟ್ಟಾಗ ಆ ಒಲವು ಮೂಡಲಿಲ್ಲ. ನಾಲಗೆಗೆ ತಿಳಿಯದ ಸುದ್ದಿಯನ್ನು ಒಡಲು ಮಿದುಳಿಗೆ ಮುಟ್ಟಿಸಿತ್ತು.

ಇಲಿಯ ಲೆಕ್ಕವೆಲ್ಲ ಮನುಷ್ಯನಿಗೂ ಹಾಗೆಯೇ ಅನ್ವಯಿಸದು. ಆದರೆ ಮನುಷ್ಯರ ನಾಲಗೆಗಳೂ ಒಂದೇ ತೆರನಲ್ಲ. ಪಿಟಿಸಿ ಎಂಬ ರಾಸಾಯನಿಕ ಕೆಲವರಿಗೆ ಕಡುಕಹಿ, ಕೆಲವರಿಗೆ ಬರಿ ಸಪ್ಪೆ ಎಂಬುದು 1931ರಲ್ಲೇ ಬೆಳಕಿಗೆ ಬಂದಿತ್ತು. ಅದಕ್ಕೆ ಕಾರಣವಾದ ವಂಶವಾಹಿ 2003ರಲ್ಲಿ ಪತ್ತೆಯಾಯಿತು. ಅಣ್ಣ ಚಪ್ಪರಿಸಿ ತಿಂದ ಪಲ್ಯವನ್ನು ತಂಗಿ ತಟ್ಟೆಯಂಚಿಗೆ ದೂಡಿದರೆ ಅದೆಲ್ಲ ಹಟವೇ ಆಗಿರಬೇಕಿಲ್ಲ. ಗದರುವ ಮೊದಲು, ಅವಳ ನಾಲಗೆಗೆ ಅದು ಹೇಗಿದೆಯೆಂದು ಒಮ್ಮೆ ಕೇಳಬಹುದು.