ಒಂದೇ ಕೋಣೆ, ಹಳೆಯ ಸೊಬಗು

“ದೊಡ್ಡಮ್ಮ, ಇರುವುದೊಂದೇ ಕೋಣೆ. ಅದನ್ನು ಚೆಂದ ಮಾಡುವುದು ಹೇಗೆ?” ಎಂದು ಕೇಳುತ್ತ ನನ್ನ ತಂಗಿಯ ಮಗಳು ಕಳೆದ ಭಾನುವಾರ ಬಂದಳು. ಮಲ್ಲೇಶ್ವರದ ಹಳೆಯ ಮನೆಯೊಂದರ ಹಿಂಬದಿಯಲ್ಲಿ ಅವಳಿಗೆ ಬಾಡಿಗೆಗೆ ದೊರೆತಿರುವುದು 10 ಅಡಿ ಅಗಲ, 14 ಅಡಿ ಉದ್ದದ ಕೋಣೆ. ಅದರ ಮೂಲೆಯಲ್ಲಿಯೇ ಒಲೆ.

ಹೋಗಿ ನೋಡಿದೆ. 1898ರ ಪ್ಲೇಗಿನ ತರುವಾಯ ಬೆಂಗಳೂರಿನ ಜನ ಪೇಟೆಯ ಇಕ್ಕಟ್ಟನ್ನು ತೊರೆದು, ಗಾಳಿಬೆಳಕನ್ನರಸಿ ಬಂದು ನೆಲೆಸಿದ ಬಡಾವಣೆಯಲ್ಲವೇ ಅದು? ಆ ಹಂಬಲ ಕೋಣೆಯಲ್ಲಿ ಇನ್ನೂ ಉಳಿದಿದೆ. ಎತ್ತರದ ಮಂಗಳೂರು ಹೆಂಚಿನ ಮಾಡು, ನಡುವೆ ಬೆಳಕಿಗೊಂದು ಗಾಜಿನ ಹೆಂಚು, ಸರಳಿನ ಕಿಟಕಿ, ಸುಣ್ಣದ ಗಾರೆಯ ದಪ್ಪ ಗೋಡೆಯಲ್ಲೊಂದು ಗೂಡು, ಕಾಲಡಿಯಲ್ಲಿ ರೆಡ್ ಆಕ್ಸೈಡಿನ ಕೆಂಪು ನೆಲ.

ಈ ನೆಲವನ್ನು ಮುಚ್ಚಿ ಹೊಳಪಿನ ಟೈಲ್ಸ್ ಹಾಕಿಸಿಕೊಡಲು ಮನೆಯೊಡೆಯರು ಒಪ್ಪಿದ್ದರು. ಇವಳು “ಆಗಲಿ” ಎನ್ನುವುದೊಂದೇ ಬಾಕಿ.

“ಬೇಡ ಮಗು” ಎಂದೆ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಿಂದ ತೀಡಿ ತೀಡಿ ನುಣುಪು ತಂದ ನೆಲವದು. ಆ ಕೆಲಸವನ್ನು ಚೆನ್ನಾಗಿ ಬಲ್ಲ ಗಾರೆಯವರು ಇಂದು ಅಪರೂಪ. ಅದಕ್ಕೆ ಬೇಕಾದ ಆರೈಕೆಯಾದರೋ ಅತ್ಯಲ್ಪ. ನಿತ್ಯವೂ ಬರಿಯ ನೀರಿನಿಂದ ಒರೆಸಬೇಕು. ಆಗೊಮ್ಮೆ ಈಗೊಮ್ಮೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿಯೆಣ್ಣೆ ಹಾಕಿ ಉಜ್ಜಿ, ಜಾರದಂತೆ ಒಣಬಟ್ಟೆಯಲ್ಲಿ ತಿಕ್ಕಬೇಕು. ಆ್ಯಸಿಡನ್ನು ಮಾತ್ರ ಹತ್ತಿರ ಸುಳಿಯಗೊಡಬಾರದು. ಅದು ಸಿಮೆಂಟನ್ನೇ ತಿನ್ನುತ್ತದೆ.

ಗೋಡೆಯ ವಿಷಯದಲ್ಲಿ ನಾನೇ ಪೆಟ್ಟು ತಿಂದವಳು. ಹಿಂದೊಮ್ಮೆ ಇಂತಹುದೇ ಗೋಡೆಗೆ ಆಸೆಪಟ್ಟು ಪ್ಲಾಸ್ಟಿಕ್ ಬಣ್ಣ ಬಳಿಸಿದೆ. ಮಳೆಗಾಲ ಮುಗಿಯುವುದರೊಳಗೆ ಬಣ್ಣ ಹಪ್ಪಳದಂತೆ ಉಬ್ಬಿ ಉದುರಿತು. ಸುಣ್ಣದ ಗೋಡೆ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಉಸಿರು ಕಟ್ಟಬಾರದು. ತುಸು ನೀಲಿ ಬೆರೆಸಿದ ಸುಣ್ಣವೇ ಅದಕ್ಕೆ ತಕ್ಕ ಬಣ್ಣ.

ಇನ್ನು ಅಲಂಕಾರ. ಚಿಕ್ಕ ಕೋಣೆಗೆ ತರುವುದಕ್ಕಿಂತ ತೆಗೆಯುವುದೇ ಹೆಚ್ಚು. ಹಲಗೆಯಿಂದ ಮುಚ್ಚಬೇಕೆಂದಿದ್ದ ಗೂಡಿನಲ್ಲಿ ಅವಳ ಪುಸ್ತಕಗಳೂ ಅಜ್ಜಿಯ ಹಿತ್ತಾಳೆಯ ಚೊಂಬೂ ಕುಳಿತವು. ಎತ್ತರದ ಬೀರುವಿನ ಬದಲು ತಗ್ಗಾದ ಮಂಚ, ಅದರಡಿಯಲ್ಲಿ ಬಟ್ಟೆಯ ಪೆಟ್ಟಿಗೆ. ಇದರಿಂದ ಮಾಡು ಇನ್ನಷ್ಟು ಎತ್ತರವಾಗಿ ಕಾಣುವುದು. ಒಲೆಯ ಮೂಲೆಯನ್ನು ಮರೆಮಾಡಲು ಬೆಂಕಿ ತಾಗದಷ್ಟು ದೂರದಲ್ಲಿ ಹಳೆಯ ಇಳಕಲ್ ಸೀರೆಯ ಪರದೆ. ಕಿಟಕಿಗೆ ಏನೂ ಅಡ್ಡವಿಡಲಿಲ್ಲ. ಗಾಜಿನ ಹೆಂಚಿನಿಂದಿಳಿದ ಬಿಸಿಲು ಕೆಂಪು ನೆಲದ ಮೇಲೆ ಬಿದ್ದಾಗ, ಚಿತ್ರಪಟವೂ ಬೇಡವೆಂದು ಅವಳೇ ಅಂದಳು.

ಟೈಲ್ಸ್ ಬೇಡವೆಂದು ತಿಳಿಸಿದಾಗ ಮನೆಯೊಡೆಯರು ಕ್ಷಣಕಾಲ ಸುಮ್ಮನಿದ್ದು, “ನಮ್ಮ ತಾಯಿ ಆ ನೆಲವನ್ನು ದಿನವೂ ತಾವೇ ಒರೆಸುತ್ತಿದ್ದರಮ್ಮ” ಎಂದರಂತೆ.

ಸೋದರಿಯರೇ, ನಿಮ್ಮ ಮನೆಯಲ್ಲಿಯೂ ಇಂತಹ ನೆಲವಿದ್ದರೆ, ಮುಚ್ಚುವ ಮುನ್ನ ಒಮ್ಮೆ ಒರೆಸಿ ನೋಡಿ.