ಇನ್ನೂರು ರೂಪಾಯಿ ಎಂಟ್ರಿ ಫೀ ಜೂಜಲ್ಲ

ಒಂದು ಬೇಸಿಗೆ ರಜೆಯಲ್ಲಿ ನಮ್ಮೂರ ಸಮುದಾಯ ಭವನದ ಮಹಡಿಯ ಮೇಲೆ ಬಿಜಿಎಂಐ ಎಂಬ ಮೊಬೈಲ್ ಗೇಮಿನ ಟೂರ್ನಮೆಂಟ್ ನಡೆಯಿತು. ಹದಿನಾರು ಸ್ಕ್ವಾಡ್, ಒಂದೊಂದರಲ್ಲಿ ನಾಲ್ಕು ಹುಡುಗರು. ನೆಲಕ್ಕೆ ಚಾಪೆ, ಗೋಡೆಯುದ್ದಕ್ಕೂ ಎಕ್ಸ್‌ಟೆನ್ಷನ್ ಬೋರ್ಡು, ಹೆಬ್ಬೆರಳು ಬೆವರದಿರಲೆಂದು ಪೌಡರ್ ಡಬ್ಬಿ. ಒಬ್ಬನಂತೂ ಕಾದ ಫೋನಿನ ಬೆನ್ನಿಗೆ ಒದ್ದೆ ಕರವಸ್ತ್ರ ಒತ್ತಿಕೊಂಡೇ ಕೂತಿದ್ದ. ರೂಮ್ ಐಡಿ, ಪಾಸ್‌ವರ್ಡ್ ಹಂಚುತ್ತಿದ್ದ ಹುಡುಗನ ನೋಟ್‌ಬುಕ್ಕಿನಲ್ಲಿ ಲೆಕ್ಕ ಹೀಗಿತ್ತು: ಸ್ಕ್ವಾಡಿಗೆ 200ರಂತೆ ಜಮಾ 3,200, ಮೊದಲ ಬಹುಮಾನ 1,800, ಎರಡನೆಯದು 900, ಹಾಲ್ ಬಾಡಿಗೆ ಮತ್ತು ಕರೆಂಟಿಗೆ 500. ಉಳಿಕೆ ಸೊನ್ನೆ. ಚಹಾ ಕೂಡ ಅವನು ಸ್ವಂತ ದುಡ್ಡಲ್ಲೇ ಕುಡಿದ.

2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಓದುವಾಗ ಆ ನೋಟ್‌ಬುಕ್ ಕಣ್ಣಿಗೆ ಕಟ್ಟಿತು. ಕಾಯ್ದೆ ಈ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ ಕೊಟ್ಟಿದೆ ಎಂದು ಎಲ್ಲರೂ ಪಟಾಕಿ ಹೊಡೆದರು. ಆದರೆ ಆ ಮಾನ ಸಿಗುವುದು ಮಾನ್ಯತೆ ಪಡೆದು, ಕಾಯ್ದೆಯಡಿಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡ ಆಟಕ್ಕೆ ಮಾತ್ರ. ಪ್ರವೇಶ ಶುಲ್ಕವನ್ನೂ ಸ್ಪರ್ಧೆಗೆ ಸೇರಲು ಅಥವಾ ಆಡಳಿತ ವೆಚ್ಚಕ್ಕೆಂದಷ್ಟೇ ಪಡೆಯಬಹುದು. ಈ ಬೇಲಿಯ ಆಚೆ, ಗೆದ್ದರೆ ದುಡ್ಡು ಬರುತ್ತದೆಂದು ಶುಲ್ಕ ಕಟ್ಟಿ ಆಡುವ ಆಟವೆಲ್ಲ 'ಆನ್‌ಲೈನ್ ಹಣದ ಆಟ'. ಅದು ಕೌಶಲದ್ದೋ ಅದೃಷ್ಟದ್ದೋ ಎಂದು ಕೇಳುವಂತೆಯೇ ಇಲ್ಲ. ಅಂಥ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಜಾಮೀನು ಸಿಗದ ಅಪರಾಧ. ನೋಟ್‌ಬುಕ್ ಹುಡುಗ ಈ ಬೇಲಿಯ ಯಾವ ಕಡೆ ನಿಂತಿದ್ದಾನೆ?

ರಮ್ಮಿ ಆ್ಯಪ್‌ಗಳ ಪರವಾಗಿ ವಕಾಲತ್ತು ಹಾಕಲು ನಾನು ಬಂದಿಲ್ಲ. ಆ ಆ್ಯಪ್‌ಗಳಿಂದ ಮನೆ ಮಾರಿಕೊಂಡವರ ಕಥೆ ನಮ್ಮ ಬೀದಿಯಲ್ಲೂ ಇದೆ. ಅವುಗಳಿಗೆ ಬೀಗ ಬಿದ್ದದ್ದು ಒಳ್ಳೆಯದೇ. ನನ್ನ ತಕರಾರು ಇಲಿಗೆ ಇಟ್ಟ ಬೋನಿನಲ್ಲಿ ಅಳಿಲು ಸಿಕ್ಕಿಕೊಳ್ಳುವುದರ ಬಗ್ಗೆ. ಅದೇ ಅಳಿಲು ಮೈದಾನದ ಆಟಕ್ಕಿಳಿದರೆ ಮಾತ್ರ ಯಾರೂ ಹಿಡಿಯುವುದಿಲ್ಲ. ಮಂಗಳೂರಿನ ಅಂಡರ್‌ಆರ್ಮ್ ಕ್ರಿಕೆಟ್ ಆಗಲಿ, ಮಂಡ್ಯದ ಕಬಡ್ಡಿ ಆಗಲಿ, ಬಸ್‌ಸ್ಟ್ಯಾಂಡ್ ಕಂಬದ ಫ್ಲೆಕ್ಸ್ ಒಮ್ಮೆ ಓದಿ: ಪ್ರವೇಶ ಶುಲ್ಕ ಇಷ್ಟು, ಪ್ರಥಮ ಬಹುಮಾನ 10,001 ಮತ್ತು ಆಕರ್ಷಕ ಟ್ರೋಫಿ. ಆ ಹತ್ತು ಸಾವಿರದಲ್ಲಿ ಸೋತ ತಂಡಗಳು ಕಟ್ಟಿದ ಶುಲ್ಕವೂ ಇರುತ್ತದೆ. ಟ್ರೋಫಿ ಕೊಡಲು ಶಾಸಕರೇ ಬರುತ್ತಾರೆ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಅದೇ ಲೆಕ್ಕ ಮೊಬೈಲಿಗೆ ಬಂದರೆ ಜೂಜು!

ದೊಡ್ಡ ಸಂಸ್ಥೆಗಳೂ ಬೆಳೆದದ್ದು ಹೀಗೆ ಕೂಡಿಸಿದ ದುಡ್ಡಿನಿಂದಲೇ. ಫೈಟಿಂಗ್ ಗೇಮ್‌ಗಳ ಮಹಾಜಾತ್ರೆ ಇವೊ 1996ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಆರ್ಕೇಡಿನಲ್ಲಿ, ಸುಮಾರು ನಲವತ್ತು ಜನರೊಂದಿಗೆ ಶುರುವಾಯಿತು. ಆಗ ಅದರ ಹೆಸರು ಬ್ಯಾಟಲ್ ಬೈ ದಿ ಬೇ. ಅಲ್ಲಿ ಗೆದ್ದವರಿಗೆ ಸಿಗುತ್ತಿದ್ದ ಬಹುಮಾನ ಬಹಳ ವರ್ಷ ಆಟಗಾರರೇ ಕಟ್ಟಿದ ಹತ್ತು ಹತ್ತು ಡಾಲರಿನ ರಾಶಿ. ಸೋನಿ ಕೊಂಡದ್ದು 2021ರಲ್ಲಿ, ಅಂದರೆ ಕಾಲು ಶತಮಾನ ಕಳೆದ ಮೇಲೆ. ಆ ಸೋನಿಯ ಪಾಲನ್ನು 2025ರಲ್ಲಿ ಕೊಂಡವರು ಯಾರು? ನಮ್ಮ ಗುರುಗ್ರಾಮದ ನೊಡ್ವಿನ್ ಗೇಮಿಂಗ್! ಹತ್ತು ಡಾಲರ್ ಕೂಡಿಸಿ ಕಟ್ಟಿದ ಮನೆಯಲ್ಲಿ ಭಾರತದ ಕಂಪನಿ ಪಾಲುದಾರನಾದ ವರ್ಷವೇ ಭಾರತದಲ್ಲಿ ಇನ್ನೂರು ರೂಪಾಯಿ ಕೂಡಿಸುವುದು ಸಂಶಯದ ಕೆಲಸವಾಯಿತು.

ನೊಡ್ವಿನ್ ಬೆಳೆದದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. 2022ರಲ್ಲಿ ಒಂದೂವರೆ ಕೋಟಿ ಬಹುಮಾನದ ಬಿಜಿಎಂಐ ಪಂದ್ಯಾವಳಿಯನ್ನು ಸ್ಟಾರ್ ಸ್ಪೋರ್ಟ್ಸ್ ಚಾನೆಲಿಗೆ ತಂದವರು ಅವರು. ಅದು ಮುಗಿದ ಕೆಲವೇ ದಿನಕ್ಕೆ, ಜುಲೈ 28ರಂದು, ಸರ್ಕಾರದ ಆದೇಶದಿಂದ ಆ ಆಟವೇ ಪ್ಲೇ ಸ್ಟೋರಿನಿಂದ ಮಾಯವಾಯಿತು. ಮರಳಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಂಥ ಪೆಟ್ಟು ತಡೆಯಲು ಅವರಿಗೆ ಬೆನ್ನಿತ್ತು. ನೊಡ್ವಿನ್‌ನ ಬಹುಪಾಲು ಷೇರು ಹಿಡಿದಿದ್ದ ನಜಾರಾ ಕಂಪನಿ 2024ರಲ್ಲಿ ಪೋಕರ್‌ಬಾಜಿ ನಡೆಸುವ ಸಂಸ್ಥೆಯಲ್ಲೂ ಪಾಲು ಕೊಂಡಿತು. ಒಂದು ಕೈಯಲ್ಲಿ ಈ-ಸ್ಪೋರ್ಟ್ಸ್, ಇನ್ನೊಂದು ಕೈಯಲ್ಲಿ ಪೋಕರ್. ಹೊಸ ಕಾಯ್ದೆ ಬಂದಾಗ ಎರಡನೆಯ ಕೈ ಸುಟ್ಟಿತು, ಮೊದಲನೆಯದು ಉಳಿಯಿತು. ನಮ್ಮ ಹುಡುಗನಿಗೆ ಇರುವುದು ಒಂದೇ ಕೈ.

ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ಈ ಚಾಳಿ ನಮ್ಮ ರಾಜ್ಯಕ್ಕೂ ಇತ್ತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ಜೂಜಿಗೆ ಸೇರಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಕಲಮುಗಳನ್ನು ಹೊಡೆದುಹಾಕಿತು. ಕೇಂದ್ರ ಆ ತೀರ್ಪಿನಿಂದ ಕಲಿತದ್ದು ಕೌಶಲ ಎಂಬ ಪದದ ಹಂಗನ್ನೇ ತಪ್ಪಿಸಿಕೊಳ್ಳುವುದನ್ನು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಒಟ್ಟು ಬಹುಮಾನ ಇಪ್ಪತ್ತೈದು ಸಾವಿರ ಮೀರದ, ಕೂಡಿದ ಶುಲ್ಕವನ್ನು ಆಡಿದವರಿಗೇ ಹಂಚಿ, ಲೆಕ್ಕವನ್ನು ಗೋಡೆಗೆ ಅಂಟಿಸುವ ಪಂದ್ಯಗಳಿಗೆ ಸ್ಪಷ್ಟ ವಿನಾಯಿತಿ ಇರಲಿ. ದೆಹಲಿಯ ಪ್ರಾಧಿಕಾರದ ಬಾಗಿಲು ತಟ್ಟಿ ನೋಂದಾಯಿಸಿಕೊಳ್ಳಲು ಅವರಿಗೆ ವಕೀಲರಿಲ್ಲ, ಲೆಟರ್‌ಹೆಡ್ಡೂ ಇಲ್ಲ.

ಮೊನ್ನೆ ಆ ಹುಡುಗ ಸಿಕ್ಕಿದ್ದ. ಹೊಸ ಟೂರ್ನಮೆಂಟಿನ ಪೋಸ್ಟರ್ ತೋರಿಸಿದ. ಎಂಟ್ರಿ ಫೀ ಇದ್ದ ಕಡೆ 'ಪ್ರವೇಶ ಉಚಿತ'. ಬಹುಮಾನದ ಸಾಲಿನಲ್ಲಿ ಮೊತ್ತವಿಲ್ಲ, ಬಸ್‌ಸ್ಟ್ಯಾಂಡ್ ಪಕ್ಕದ ಚಿಕನ್ ಅಂಗಡಿಯ ಹೆಸರಿತ್ತು: ಗೆದ್ದ ಸ್ಕ್ವಾಡಿಗೆ ಎರಡು ಕೆ.ಜಿ. ಕೋಳಿ.