ಗೋಕರ್ಣದಲ್ಲಿ ಒಂದು ರಾತ್ರಿಯಾದರೂ ತಂಗಬೇಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಹೊರಡುವ ಎಷ್ಟೋ ಯಾತ್ರೆಗಳಿಗೆ ಗೋಕರ್ಣವೇ ಕೊನೆಯ ಕ್ಷೇತ್ರ. ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು, ಕೊಲ್ಲೂರು, ಮುರುಡೇಶ್ವರ ಮುಗಿಸಿ ಬಸ್ಸು ಅಲ್ಲಿಗೆ ತಲುಪುವಾಗ ಜನ ದಣಿದಿರುತ್ತಾರೆ, ಚಾಲಕರಿಗೆ ಊರು ಸೇರುವ ಅವಸರ. ಸಮುದ್ರದಲ್ಲೊಂದು ಮುಳುಗು, ಆತ್ಮಲಿಂಗದ ದರ್ಶನ, ಊಟ, ವಾಪಸು. ಈ ಓಟ ತಪ್ಪು. ಪಟ್ಟಿಯಿಂದ ಎರಡು ಕ್ಷೇತ್ರ ಬಿಟ್ಟಾದರೂ ಗೋಕರ್ಣದಲ್ಲಿ ಒಂದು ರಾತ್ರಿ ತಂಗುವುದು ಮೇಲು. ಕಾಳಿದಾಸನ ರಘುವಂಶದಲ್ಲಿ ಹೆಸರು ಪಡೆದ, ತಮಿಳು ಶೈವರ ತೇವಾರಂ ಹಾಡಿ ಹೊಗಳಿದ ಊರು ಅದು. ಕೋಟಿತೀರ್ಥ, ಮಹಾಗಣಪತಿ, ತಾಮ್ರಗೌರಿ, ರಥಬೀದಿಯ ಹಳೆಯ ಮನೆಗಳು ಎಲ್ಲವೂ ನಡೆದು ನೋಡುವಷ್ಟು ಹತ್ತಿರದಲ್ಲಿವೆ. ಪಕ್ಕದ ಸಾಣಿಕಟ್ಟೆಯನ್ನು ನಮ್ಮ ರೈತರು ನೋಡಲೇಬೇಕು. ನಮ್ಮಲ್ಲಿ ಹೊಲ ಚೌಳಾದರೆ ಕೈಬಿಟ್ಟಂತೆಯೇ. ಅಲ್ಲಿ ಉಪ್ಪುನೀರನ್ನು ಗದ್ದೆಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ, ಉಪ್ಪನ್ನೇ ಬೆಳೆಯಾಗಿ ತೆಗೆಯುತ್ತಾರೆ. ತಿರುಮಣಿಯ ಸುತ್ತ 2,050 ಮೆಗಾವಾಟ್ ಸೌರ ವಿದ್ಯುತ್ತಿಗೆ ನೆಲ ಬಿಟ್ಟುಕೊಟ್ಟ ಪಾವಗಡದವರಿಗೆ ಬಿಸಿಲಿನ ಈ ಇನ್ನೊಂದು ದುಡಿಮೆ ಬೇಗ ಅರ್ಥವಾದೀತು.

ಯಾತ್ರೆ ಬೇರೆ, ಪ್ರವಾಸ ಬೇರೆ ಎನ್ನುವವರಿದ್ದಾರೆ. ಆದರೆ ಕಾಲ್ನಡಿಗೆ, ಎತ್ತಿನ ಗಾಡಿಗಳ ಕಾಲದಲ್ಲಿ ಛತ್ರದಲ್ಲಿ ತಂಗದೆ ಯಾತ್ರೆ ಸಾಗುತ್ತಲೇ ಇರಲಿಲ್ಲ. ಓಡೋಡಿ ದರ್ಶನ ಮುಗಿಸುವುದು ಬಸ್ಸು ತಂದ ರೂಢಿ, ಶಾಸ್ತ್ರ ಹೇಳಿದ್ದಲ್ಲ. ಖರ್ಚಿನ ಮಾತು ನಿಜವಾದದ್ದು. ಮನೆಯಲ್ಲಿ ಹಸು ಕಟ್ಟಿ ಬಂದವರಿಗೆ, ಕೂಲಿ ಬಿಟ್ಟು ಬಂದವರಿಗೆ ಇನ್ನೊಂದು ದಿನವೆಂದರೆ ಹಗುರವಲ್ಲ. ಅದಕ್ಕೇ ದಿನ ಹೆಚ್ಚಿಸಿ ಎನ್ನುತ್ತಿಲ್ಲ, ಕ್ಷೇತ್ರ ಕಡಿಮೆ ಮಾಡಿ ಎನ್ನುತ್ತಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡೂ ಉಳಿಯುತ್ತದೆ. ಅದರಲ್ಲಿ ಸ್ವಲ್ಪ ತಂಗುವುದಕ್ಕೆ ಹೋಗಲಿ.

ಅವಸರಕ್ಕೆ ಇನ್ನೂ ದೊಡ್ಡ ಬೆಲೆಯುಂಟು, ಜೀವದ ಬೆಲೆ. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೆ ಸಮುದ್ರದ ಸೆಳೆತ ಗೊತ್ತಿರುವುದಿಲ್ಲ. ಮೇಲೆ ಶಾಂತವಾಗಿ ಕಂಡ ನೀರೇ ಕಾಲ ಕೆಳಗಿನ ಮರಳು ಜಾರಿಸಿ ಒಳಕ್ಕೆ ಎಳೆಯುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕತ್ತಲಾಗುವ ಮೊದಲು ಮಿಂದು ಹೊರಡಬೇಕೆಂಬ ಗಡಿಬಿಡಿಯಲ್ಲಿ ದಡದವರ ಮಾತನ್ನು ಯಾರು ಕೇಳುತ್ತಾರೆ? ಆದ್ದರಿಂದ ಯಾತ್ರೆ ಏರ್ಪಡಿಸುವವರು ಬೆಳಗಿನ ಸ್ನಾನಕ್ಕೆ ಹೊತ್ತು ಇಟ್ಟುಕೊಳ್ಳಲಿ, ನೀರಿಗಿಳಿಯುವ ಮುನ್ನ ಜೀವರಕ್ಷಕರನ್ನು ಕೇಳಲಿ. ಸ್ಥಳೀಯ ಆಡಳಿತವೂ ಬಡ ಯಾತ್ರಿಕರಿಗೆ ಕಡಿಮೆ ಬಾಡಿಗೆಯ ತಂಗುದಾಣ ಹೆಚ್ಚಿಸಲಿ, ಅಪಾಯದ ಜಾಗಗಳನ್ನು ಸೂಚಿಸುವ ಕನ್ನಡದ ಫಲಕಗಳನ್ನು ಬಸ್ಸು ನಿಲ್ಲುವಲ್ಲೇ ಹಾಕಲಿ.